ಎರಡನೇ ಗಂಟೆ

ದ್ರಾಕ್ಷಿ ಕೊಯ್ಲು ಮುಗಿದು, ಚೆಸ್ಟ್‌ನಟ್ ಮರಗಳು ಮುಳ್ಳುಕಾಯಿ ಉದುರಿಸತೊಡಗಿದ ದಿನಗಳವು. ಬಿಸಿಲು ಇಳಿಮುಖವಾದ ಹೊತ್ತು. ಇಗರ್ಜಿಯ ಗೋಪುರದಲ್ಲಿ ಮೂರು ಹೊಡೆಯಿತು. ಪಾರಿವಾಳಗಳು ಎಂದಿನಂತೆ ಬುರ್ರನೆ ಎದ್ದು ಗೋಪುರದ ಸುತ್ತ ತಿರುಗತೊಡಗಿದವು. ಎರಡನೇ ಗಂಟೆ ಮುಗಿದ ಮೇಲೆ ಅವು ಇಳಿದು ಕೂರುವುದು ರೂಢಿ. ಅಂದು ಕೂರಲಿಲ್ಲ. ಸುತ್ತಿ ಸುತ್ತಿ ಸೋತು, ಕೊನೆಗೆ ಹಳ್ಳದಾಚೆಯ ಗಿರಣಿಯ ಸೂರಿನ ಮೇಲೆ ಹೋಗಿ ಕೂತವು.

ಇದು ತಿಳಿಯಬೇಕಾದರೆ ನಮ್ಮೂರು ಹೇಗಿದೆಯೆಂದು ಹೇಳಬೇಕು. ಶಾಲೆಯ ಗೋಡೆಯಲ್ಲಿ ಫ್ರಾನ್ಸ್ ದೇಶದ ನಕ್ಷೆಯೊಂದು ತೂಗುತ್ತಿತ್ತು. ನಮ್ಮೂರು ಇರಬೇಕಾದ ಜಾಗದಲ್ಲಿ ಕಾಗದ ಮಡಿಸಿದ ಗೆರೆ ಸವೆದು ತೂತು ಬಿದ್ದಿತ್ತು. ನಾನು ಶಾಲೆಯಲ್ಲಿ ಕಲಿತದ್ದು ಕಡಿಮೆ, ಆದರೆ ಆ ತೂತು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಊರು ಗುಡ್ಡದ ಹೆಗಲ ಮೇಲಿದೆ. ಹಿಂದೆ ಅದು ಕೆಳಗೆ, ಹೊಳೆಯ ದಂಡೆಯಲ್ಲೇ ಇತ್ತಂತೆ. ಒಂದು ದೊಡ್ಡ ನೆರೆ ಬಂದಾಗ ಅರ್ಧ ಜನ ಹೆದರಿ ಗುಡ್ಡ ಹತ್ತಿದರು, ಇನ್ನರ್ಧ ಜನ ಬೇಸರಪಟ್ಟು ಅರ್ಧ ದಾರಿಗೇ ನಿಂತರು. ಹತ್ತಿದವರದು ಮೇಲ್ಕೇರಿ, ನಿಂತವರದು ಕೆಳಕೇರಿ. ಮೇಲೆ ಇಗರ್ಜಿ ಮತ್ತು ಗೋಪುರ, ಕೆಳಗೆ ಹಳ್ಳ, ಹಿಟ್ಟಿನ ಗಿರಣಿ ಮತ್ತು ಊರೊಲೆ. ಎರಡರ ನಡುವೆ ಕಲ್ಲಿನ ಸೂರಿನಡಿ ಬಟ್ಟೆ ಒಗೆಯುವ ಕೊಳ. ಹಿಂದೊಮ್ಮೆ ಫಿರಂಗಿ ಎರಕ ಹೊಯ್ಯಲು ಗಂಟೆಗಳನ್ನು ಕೊಂಡೊಯ್ಯುತ್ತಿದ್ದ ಸಿಪಾಯಿಗಳು ಬಂದಾಗ, ಹೆಂಗಸರು ನಮ್ಮ ಗಂಟೆಯನ್ನು ಅದೇ ಕೊಳದಲ್ಲಿ ಮುಳುಗಿಸಿ, ಮೇಲೆ ತೋಯ್ದ ಹಾಸಿಗೆ ಬಟ್ಟೆ ಹರಡಿ, ಸಿಪಾಯಿಗಳ ಎದುರಿಗೇ ಸೋಪು ಉಜ್ಜುತ್ತ ಕೂತಿದ್ದರಂತೆ. ಗಂಟೆಯ ದನಿಯಲ್ಲಿ ಇಂದಿಗೂ ಒಂದಿಷ್ಟು ನೀರು ಇದೆ ಎಂದು ನಮ್ಮವರ ನಂಬಿಕೆ.

ಆ ಗಂಟೆ ಪ್ರತಿ ಹೊತ್ತನ್ನೂ ಎರಡು ಸಲ ಹೊಡೆಯುತ್ತದೆ. ಮೂರಾದರೆ ಮೂರು ಪೆಟ್ಟು, ಸ್ವಲ್ಪ ಬಿಟ್ಟು ಮತ್ತೆ ಮೂರು. ಮೊದಲನೆಯದು ಎಣಿಸದೆ ಹೋದವರಿಗಾಗಿ ಎರಡನೆಯದು. ಕೆಳಕೇರಿಯವರು ನಿಧಾನಸ್ಥರು, ಅವರಿಗಾಗಿ ಎಂದು ಮೇಲ್ಕೇರಿಯವರು ಹೇಳುತ್ತಾರೆ. ಮೇಲ್ಕೇರಿಯವರು ಗಂಟೆಯ ಬುಡದಲ್ಲೇ ಮಲಗಿ ಕಿವುಡಾದವರು, ಅವರಿಗಾಗಿ ಎಂದು ಕೆಳಕೇರಿಯವರು. ಕಣಿವೆಯ ಗಾಳಿ ಒಮ್ಮೊಮ್ಮೆ ಮೊದಲ ಗಂಟೆಯನ್ನು ಹೊತ್ತೊಯ್ದುಬಿಡುತ್ತದೆ ಎನ್ನುವುದಂತೂ ನಿಜ.

ಈ ಎರಡು ಗಂಟೆಗಳ ನಡುವಿನ ಬಿಡುವಿಗೆ ನಮ್ಮಲ್ಲಿ ಒಂದು ಕಟ್ಟಳೆ. ಕೊಟ್ಟ ಮಾತನ್ನು ಆ ಬಿಡುವಿನಲ್ಲಿ ಹಿಂದಕ್ಕೆ ಪಡೆಯಬಹುದು. ಯಾರೂ ಬೇಸರಪಡುವಂತಿಲ್ಲ. ಎರಡನೇ ಗಂಟೆ ಬಿತ್ತೋ, ಮಾತು ಕಲ್ಲು. ಆದ್ದರಿಂದ ದನ ಮಾರುವವರು, ಹೊಲ ಕೊಡುವವರು, ಹೆಣ್ಣು ಕೇಳುವವರು ಮೊದಲ ಗಂಟೆಗೆ ಕಾದು ಬಾಯಿ ತೆರೆಯುತ್ತಿದ್ದರು.

ಊರೊಲೆ ನೋಡಿಕೊಳ್ಳುತ್ತಿದ್ದವಳು ಹೊನೊರೀನ್. ಇಡೀ ಊರು ಹಿಟ್ಟು ನಾದಿ ಅವಳಲ್ಲಿಗೆ ತರುತ್ತಿತ್ತು, ಅವಳು ಸುಡುತ್ತಿದ್ದಳು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಅಗಲವಾದ ಮೈ, ಸುಟ್ಟ ಗಾಯಗಳ ಮೊಳಕೈ, ಯಾರನ್ನೂ ಬಿಡದ ನಾಲಗೆ. ಗೋಪುರದ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದವನು ಲಜಾರ್, ಮದುವೆಯಾಗದೆ ಉಳಿದವನು. ಶನಿವಾರ ಶನಿವಾರ ಗುಡ್ಡ ಇಳಿದು ಅವಳ ಒಲೆಗೆ ಬಂದು ರೊಟ್ಟಿ ಒಯ್ಯುತ್ತಿದ್ದ. "ಚಳಿ ಇದೆ" ಎನ್ನುತ್ತಿದ್ದ, ಇಲ್ಲವೆ "ಚಳಿ ಇಲ್ಲ" ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚಿನ ಮಾತು ಅವನಿಂದ ಹೊರಟದ್ದನ್ನು ಯಾರೂ ಕೇಳಿರಲಿಲ್ಲ. ಅವನ ಮನಸ್ಸಿನಲ್ಲಿ ಏನಿದೆಯೆಂದು ಅವನೊಬ್ಬನನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು.

ಆ ವರ್ಷ ಬಯಲುಸೀಮೆಯ ಧಾನ್ಯದ ವ್ಯಾಪಾರಿ ಮುಸ್ಯೋ ಒಕ್ತಾವ್ ಬಂದಿದ್ದ. ಹೆಂಡತಿ ಇಲ್ಲದವನು, ಮರ್ಯಾದಸ್ಥ. ಹೊನೊರೀನಳ ರೊಟ್ಟಿ ತಿಂದವನು ಹೊರಡುವ ದಿನವನ್ನು ಮುಂದೂಡುತ್ತಲೇ ಇದ್ದ. ತನ್ನ ಪಟ್ಟಣದಲ್ಲಿ ದೊಡ್ಡ ಒಲೆ ಕಟ್ಟಿಸಿಕೊಡುತ್ತೇನೆ, ಮದುವೆಯಾಗಿ ಬಾ ಎಂದು ಕೇಳುವವನಿದ್ದಾನೆ ಎಂಬ ಸುದ್ದಿ ಕೊಳದ ಹತ್ತಿರ ಹುಟ್ಟಿ, ಬಟ್ಟೆ ಒಣಗುವಷ್ಟರಲ್ಲಿ ಗೋಪುರ ಹತ್ತಿತು. ಅವಳು ಹೂಂ ಎಂದರೆ ಒಲೆ ಆರುತ್ತದೆ, ಲಜಾರನಿಗೆ ಶನಿವಾರವೇ ಇಲ್ಲದಂತಾಗುತ್ತದೆ.

ನಾನು ಆಗ ಗಾರೆ ಕೆಲಸದವನು. ಗಂಟೆಮನೆಯ ಹೊರಗೋಡೆಯ ಕಲ್ಲುಗಳ ಸಂದು ತುಂಬುತ್ತ ಅಟ್ಟಣಿಗೆಯ ಮೇಲೆ ಕೂತಿದ್ದೆ. ಕಿಂಡಿಯ ಒಳಗಡೆ ಲಜಾರ್. ಅಲ್ಲಿಂದ ನೋಡಿದರೆ ಊರೊಲೆ ಅಂಗೈಯಗಲ ಕಾಣುತ್ತದೆ. ಮೂರು ಹೊಡೆದ ಕೂಡಲೇ ಒಲೆಯ ಮುಂದೆ ನಿಂತಿದ್ದ ಮುಸ್ಯೋ ಒಕ್ತಾವ್ ಟೋಪಿ ತೆಗೆದದ್ದು ಕಂಡಿತು. ಅವನಿಗೂ ಕಟ್ಟಳೆ ತಿಳಿದಿತ್ತು. ಹೊನೊರೀನ್ ಕೈ ಒರೆಸಿಕೊಂಡಳು, ಒಳಗೆ ಹೋಗಿ ಬಂದಳು, ಎರಡೂ ಕೈಯನ್ನು ಅವನ ಕೈಗಳಲ್ಲಿಟ್ಟಳು. ಅವನು ತಲೆ ಬಾಗಿಸಿದ.

ಕಿಂಡಿಯೊಳಗೆ ಏನೋ ಕಿರುಗುಟ್ಟಿತು. ಬಗ್ಗಿ ನೋಡಿದೆ. ಲಜಾರ್ ಗಡಿಯಾರದ ಲೋಲಕವನ್ನು ಮಗುವನ್ನು ಹಿಡಿದ ಹಾಗೆ ಎದೆಗೊತ್ತಿ ಹಿಡಿದು ನಿಂತಿದ್ದ.

"ಏನಾಯ್ತು, ಲಜಾರಣ್ಣ?"

"ಚಕ್ರದ ಹಲ್ಲು ಸವೆದಿದೆ" ಎಂದ. "ರಿಪೇರಿ ಆಗ್ಬೇಕು. ನೀನು ಮನೆಗೆ ಹೋಗು."

ಅವಳು ಮಾತು ಹಿಂದಕ್ಕೆ ಪಡೆಯಲಿ, ಯೋಚಿಸಲು ಹೊತ್ತು ಸಿಗಲಿ ಎಂದು ಅವನು ಎರಡನೇ ಗಂಟೆಯನ್ನೇ ತಡೆಹಿಡಿದಿದ್ದ. ಊರಿನ ಮಾತುಗಳನ್ನೆಲ್ಲ ಇಟ್ಟ ಪೆಟ್ಟಿಗೆಯ ಬೀಗದ ಕೈ ತನ್ನಲ್ಲಿದ್ದವನು ಮಾಡುವ ಕೆಲಸವೇ ಅದು. ಆದರೆ ಆ ಪೆಟ್ಟಿಗೆಯಲ್ಲಿ ಇನ್ನೂ ಯಾರ್ಯಾರ ಗಂಟು ಇದೆಯೆಂದು ಅವನು ಯೋಚಿಸಿರಲಿಲ್ಲ.

ನಾನು ಕೆಳಗಿಳಿದಾಗ ಸೇತುವೆಯ ಮೇಲೆ ಗಾಸ್ಪಾರನ ಕೆಂಪು ಹಸು ಅರಚುತ್ತಿತ್ತು. ಅದೇ ಮೊದಲ ಗಂಟೆಗೆ ಅವನು ಅದನ್ನು ಮೇಲ್ಕೇರಿಯ ಬ್ಲೇಜ್‌ಗೆ ಮಾರಿದ್ದ. ಹಗ್ಗ ಕೈ ಬದಲಾಗಿತ್ತು, ಎರಡನೇ ಗಂಟೆ ಬಿದ್ದಿರಲಿಲ್ಲ.

"ಕರೆದುಕೊಳ್ಳಪ್ಪ, ಕೆಚ್ಚಲು ಬಿಗೀತಿದೆ" ಎಂದ ಗಾಸ್ಪಾರ್.

"ಎರಡನೇದು ಹೊಡೀಲಿ. ಈಗ ಕರೆದ್ರೆ ನಿನ್ನ ಹಾಲು ಕದ್ದೆ ಅಂತೀಯ."

"ನಾನು ಕರೆದ್ರೆ ನಿನ್ನ ಹಾಲು ಕದ್ದೆ ಅಂತ ನೀನು ಅಂತೀಯ. ನಿಮ್ಮ ಮೇಲ್ಕೇರಿ ಬುದ್ಧಿ ನಂಗೊತ್ತಿಲ್ವಾ."

ಅಷ್ಟರಲ್ಲಿ ಒಲೆಯ ಕಡೆಯಿಂದ ಹೊನೊರೀನ್ ಮಡಕೆ ಹಿಡಿದು ಬಂದಳು. "ಸರೀರಿ ಇಬ್ರೂ. ಹಸು ಯಾರದ್ದಾದ್ರೂ ಆಗ್ಲಿ, ನೋವು ಹಸೂದು" ಎಂದು ಕುಕ್ಕರಗಾಲಲ್ಲಿ ಕೂತು ಕರೆಯತೊಡಗಿದಳು. ಸೇತುವೆಯಾಚೆ, ಮುಸಾಫಿರರು ಇಳಿದುಕೊಳ್ಳುವ ಛತ್ರದ ಬಾಗಿಲಲ್ಲಿ ಮುಸ್ಯೋ ಒಕ್ತಾವ್ ಕೂತಿದ್ದ. ಅವನ ಮಡಿಲಲ್ಲಿ ಒಂದು ರೊಟ್ಟಿ. ಇಡೀ ರೊಟ್ಟಿ.

ನಾನು ನಿಂತಲ್ಲೇ ನಿಂತೆ. ನಮ್ಮಲ್ಲಿ ಒಂದು ಮಾತಿದೆ: ಇಡೀ ರೊಟ್ಟಿ ದಾರಿಗೆ, ಮುರಿದ ರೊಟ್ಟಿ ಮನೆಗೆ. ಹೋಗಿ ಬಾ ಎನ್ನುವವರಿಗೆ ಮುರಿಯದೆ ಕೊಡುತ್ತಾರೆ. ಜೊತೆಗಿರು ಎನ್ನುವವರಿಗೆ ಮುರಿದು ಅರ್ಧ ಕೊಡುತ್ತಾರೆ. ಅವಳು ಬೇಡ ಅಂದಿದ್ದಳು. ಗೋಪುರದಿಂದ ಕೈ ಕಂಡಿತ್ತು, ರೊಟ್ಟಿ ಕಂಡಿರಲಿಲ್ಲ.

"ಅವರು ಹೊರಡಲಿಲ್ವಾ?" ಎಂದು ಕೇಳಿದೆ.

"ಹೇಗೆ ಹೊರಡ್ತಾರೆ?" ಹೊನೊರೀನ್ ಹಾಲಿನ ಮಡಕೆಯಿಂದ ಕಣ್ಣೆತ್ತಲಿಲ್ಲ. "'ನಿಮ್ಮೂರ ಕಟ್ಟಳೆ ಪ್ರಕಾರ ನಿಮ್ಮ ಬೇಡ ಅಂದ ಮಾತು ಇನ್ನೂ ಗಟ್ಟಿ ಆಗಿಲ್ಲ ಮಾದಾಮ್, ನಾನು ಕಾಯ್ತೀನಿ' ಅಂತಾರೆ. ನಾನು ಬೈಯೋ ಹಾಗೂ ಇಲ್ಲ, ಅವರು ಹೇಳೋದು ಸರಿಯಾಗೇ ಇದೆ. ಆ ಗಡಿಯಾರಕ್ಕೆ ಏನು ರೋಗ ಬಂದಿದೆಯೋ."

"ಗಡಿಯಾರಕ್ಕೆ ಏನೂ ಬಂದಿಲ್ಲ" ಎಂದೆ. ನಾನು ಹೇಳಿದ್ದು ಅಷ್ಟೇ.

ಅವಳ ಕೈ ಕೆಚ್ಚಲ ಮೇಲೆ ನಿಂತಿತು. ನನ್ನನ್ನು ನೋಡಿದಳು, ಗೋಪುರ ನೋಡಿದಳು, ಮತ್ತೆ ಕರೆಯತೊಡಗಿದಳು. ಆಮೇಲೆ ಹಾಲಿನ ಸದ್ದು ಬಹಳ ಹೊತ್ತು ನಿಧಾನವಾಗಿತ್ತು.

ಮರುದಿನ ಗುರುವಾರ. ಬೆಳಗಿನ ಮಂಜು ಕಣಿವೆಯಿಂದ ಏಳುವ ಮೊದಲೇ ನಾನು ಅಟ್ಟಣಿಗೆ ಹತ್ತಿದ್ದೆ. ಒಳಗೆ ಲಜಾರ್ ಗಂಟೆಮನೆಯ ಬಾಗಿಲಿಗೆ ಅಗುಳಿ ಹಾಕಿಕೊಂಡು, ಉಣ್ಣೆ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಕೂತಿದ್ದ. ರಾತ್ರಿಯಿಡೀ ಅಲ್ಲೇ ಇದ್ದನೆಂದು ಕಾಣುತ್ತದೆ. ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ ಕೇಳಿಸಿತು, ಏದುಸಿರೂ.

"ಬಾಗಿಲು ತೆಗಿ, ಲಜಾರ್."

"ಚಕ್ರ ಸವೆದಿದೆ."

"ಸವೆದಿರೋದು ನನ್ನ ಮೊಣಕಾಲು. ಇಷ್ಟೊಂದು ಮೆಟ್ಟಿಲು ಯಾಕೆ ಕಟ್ಟಿದ್ರೋ. ತೆಗೀತೀಯೋ, ಇಲ್ಲೇ ಕೂತು ನಿಮ್ಮಜ್ಜಿ ಹೆಸರು ಹಿಡಿದು ಕೂಗ್ಲೋ?"

ಅಗುಳಿ ಸರಿಯಿತು. ನಾನು ಕರಣೆಯನ್ನು ಗಾರೆಯಲ್ಲಿ ಊರಿ ಕಿಂಡಿಯತ್ತ ಕಿವಿಗೊಟ್ಟೆ.

"ಚಳಿ ಇದೆ" ಎಂದ ಲಜಾರ್.

"ಇದೆ. ಆ ಮನುಷ್ಯನೂ ಛತ್ರದಲ್ಲಿ ಚಳೀಲೇ ಕೂತಿದಾರೆ. ಪಾಪ, ಒಳ್ಳೇ ಜನ. ನಾನು ಬೇಡ ಅಂದದ್ದನ್ನ ನೀನು ಇಲ್ಲಿ ತಂದು ನೇತುಹಾಕಿದೀಯ."

"ಬೇಡ ಅಂದ್ಯಾ?"

"ಇಡೀ ರೊಟ್ಟಿ ಕೊಟ್ಟೆ."

"ಇಲ್ಲಿಂದ ರೊಟ್ಟಿ ಕಾಣಲ್ಲ" ಎಂದ. ಸ್ವಲ್ಪ ತಡೆದು, "ನಿನ್ನ ಕೈ ಕಾಣತ್ತೆ" ಎಂದ.

"ಎಷ್ಟು ವರ್ಷದಿಂದ ಕಾಣ್ತಿದೆ?"

ಅವನು ಉತ್ತರ ಕೊಡಲು ಹೋಗಿದ್ದರೆ ಚಳಿಯ ವಿಷಯವೇ ಬರುತ್ತಿತ್ತೇನೋ. ಹೊರಗೆ ಕೂತ ನನಗೆ ಅವಳು ಏಪ್ರನ್ ಬಿಚ್ಚಿದ ಸರಬರ ಕೇಳಿಸಿತು. ಹೊಸ ರೊಟ್ಟಿಯ ವಾಸನೆ ಕಿಂಡಿಯಿಂದ ಬಂತು. ಆಮೇಲೆ, ಒಣ ಕಡ್ಡಿ ಮುರಿದ ಹಾಗೆ, ಬೆಂದ ಹೊರಪದರ ಮುರಿದ ಸದ್ದು.

"ತಗೋ" ಎಂದಳು.

ಲಜಾರ್ ಒಂದು ಹೆಜ್ಜೆ ಹಿಂದೆ ಸರಿದ ಸದ್ದು.

"ತಗೋ ಲಜಾರ್, ನನ್ನ ಕೈ ಸುಡ್ತಿದೆ."

ಅವನು ತೆಗೆದುಕೊಂಡಿರಬೇಕು. ಮತ್ತೆ ಅವಳ ದನಿ ಬಂದಾಗ ಅದು ಮೆತ್ತಗಿತ್ತು. "ಈಗ ಆ ಗಡಿಯಾರಾನ ಬಿಡು. ಎರಡನೇದು ಹೊಡೀಲಿ."

"ಹೊಡೆದ್ರೆ ಎಲ್ಲಾ ಗಟ್ಟಿ ಆಗತ್ತೆ. ಇದೂ ಆಗತ್ತೆ."

"ಮತ್ತೆ ನಾನು ಇಷ್ಟು ಮೆಟ್ಟಿಲು ಹತ್ತಿ ಬಂದದ್ದು ಯಾಕೆ ಅಂದ್ಕೊಂಡೆ?" ಆಮೇಲೆ ಕಿಂಡಿಯತ್ತ ತಿರುಗಿ, "ಹೊರಗಿರೋ ಮಗಾ, ಗಾರೆ ಒಣಗ್ತಿದೆ. ಕೆಲಸ ನೋಡು, ಬಾಯಿ ಮುಚ್ಕೊಂಡಿರು" ಎಂದಳು.

ಬೆಳಗಿನ ಆ ಹೊತ್ತಿನಲ್ಲಿ, ಹಿಂದಿನ ದಿನದ ಮೂರು ಪೆಟ್ಟು ಹೊಡೆದವು. ಊರಲ್ಲಿ ಯಾರಿಗೂ ಅದು ವಿಚಿತ್ರವೆನ್ನಿಸಲಿಲ್ಲ. ಸೇತುವೆಯ ಮೇಲೆ ಬ್ಲೇಜ್ ಹಸುವಿನ ಹಗ್ಗ ಹಿಡಿದು, "ಈಗ ನಂದು" ಎಂದನಂತೆ. "ನಿನ್ನೆ ಹಾಲು?" ಎಂದನಂತೆ ಗಾಸ್ಪಾರ್. ಆ ಜಗಳ ಅವರಿಬ್ಬರೂ ಇರುವವರೆಗೂ ನಡೆಯಿತು. ಗಿರಣಿಯ ಸೂರಿನಿಂದ ಪಾರಿವಾಳಗಳು ಎದ್ದು ಬಂದು, ನನ್ನ ತಲೆಯ ಮೇಲೆ ಒಂದು ಸುತ್ತು ಹಾಕಿ, ಗೋಪುರದ ಅಂಚಿನಲ್ಲಿ ಕೂತವು.

ಛತ್ರದ ಬಾಗಿಲಲ್ಲಿ ಮುಸ್ಯೋ ಒಕ್ತಾವ್ ಎದ್ದು ನಿಂತ. ಟೋಪಿ ತೆಗೆದು ಗೋಪುರದ ಕಡೆ ಒಮ್ಮೆ ತಲೆಬಾಗಿ, ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಗಾಡಿಯಲ್ಲಿಟ್ಟು, ಬಯಲಿನ ದಾರಿ ಹಿಡಿದ. ಅವನ ಹೆಸರು ಬಂದಾಗ ನಮ್ಮೂರಿನವರು ಇಂದಿಗೂ ದನಿ ತಗ್ಗಿಸುತ್ತಾರೆ. ಕಟ್ಟಳೆ ನಮ್ಮದು, ಅದನ್ನು ಎಲ್ಲರಿಗಿಂತ ಚೆನ್ನಾಗಿ ಪಾಲಿಸಿದವನು ಅವನು.

ಚಕ್ರದ ಹಲ್ಲು ಸವೆದಿತ್ತು, ಲಜಾರ್ ರಾತ್ರಿಯೆಲ್ಲ ಕೂತು ಸರಿಮಾಡಿದ ಎಂದು ಊರು ನಂಬಿತು. ಪಾದ್ರಿಗಳು ಅವನಿಗೆ ಒಂದು ಸೀಸೆ ವೈನ್ ಕೊಟ್ಟರು. ಆ ಚಳಿಗಾಲದಲ್ಲೇ ಅವರಿಬ್ಬರ ಮದುವೆಯಾಯಿತು. ಲಜಾರ್ ಮೇಲ್ಕೇರಿಯಿಂದ ಕೆಳಕೇರಿಗೆ ಇಳಿದು ಬಂದ. ನೆರೆ ಬಂದಂದಿನಿಂದ ಹಾಗೆ ಇಳಿದವನು ಅವನೊಬ್ಬನೇ ಎಂದು ಮೇಲ್ಕೇರಿಯವರು ಹಂಗಿಸುತ್ತಿದ್ದರು. ಮುಂದೆ ಅವನ ಕಾಲು ಸೋತಾಗ ಗಡಿಯಾರದ ಕೀಲಿ ನನ್ನ ಕೈಗೆ ಬಂತು. ಅವನು ಹೋದ ಮೇಲೂ ಹೊನೊರೀನ್ ವರ್ಷಗಟ್ಟಲೆ ಒಲೆ ಉರಿಸಿದಳು. ಶನಿವಾರ ಒಂದು ರೊಟ್ಟಿ ಮುರಿದು ಅರ್ಧವನ್ನು ಕಿಟಕಿಯ ಮೇಲಿಡುತ್ತಿದ್ದಳು. ಪಾರಿವಾಳಗಳು ಬಂದು ತಿನ್ನುತ್ತಿದ್ದವು.

ಅವಳು ಹೋದದ್ದೂ ಒಂದು ಗುರುವಾರವೇ. ಚೆಸ್ಟ್‌ನಟ್ ಉದುರುವ ಕಾಲ. ಒಲೆಯ ಹಿಂದಿನ ಕೋಣೆಯಲ್ಲಿ ನಾವು ಕೆಲವರು ಸುತ್ತ ನಿಂತಿದ್ದೆವು. ಗೋಪುರದಲ್ಲಿ ಮೊದಲ ಗಂಟೆ ಹೊಡೆಯಿತು, ಕಿಟಕಿಯಾಚೆ ಪಾರಿವಾಳಗಳು ಎದ್ದವು, ಅವಳ ಉಸಿರು ನಿಂತಿತು. ಯಾರೂ ಅಳಲಿಲ್ಲ. ಯಾರೂ ಅವಳ ಕಣ್ಣು ಮುಚ್ಚಲಿಲ್ಲ. ವಯಸ್ಸಾದ ಗಾಸ್ಪಾರ್ ಟೋಪಿಯನ್ನು ಅರ್ಧ ಎತ್ತಿದವನು ಹಾಗೆಯೇ ಹಿಡಿದು ನಿಂತ. ನಾವೆಲ್ಲರೂ ಅವಳ ಮುಖವನ್ನೇ ನೋಡುತ್ತ, ಎರಡನೇ ಗಂಟೆಗೆ ಕಾದೆವು.

ಅದು ಹೊಡೆಯಿತು. ಪಾರಿವಾಳಗಳು ಒಂದೊಂದಾಗಿ ಇಳಿದು ಕೂತವು.