ಹಳದಿ ಸುತಳಿ

ಹಳದಿ ಕಂಡಿದ್ದಕ್ಕೆ ಕೀವು ಅಂದುಕೊಂಡೆ, ಬಿಸಿನೀರಲ್ಲಿ ಅದ್ದಿದ ಬಟ್ಟೆ ಒತ್ತಿದೆ, ಹೋಗಲಿಲ್ಲ, ಉಗುರಿನಿಂದ ಮೆಲ್ಲಗೆ ಕೆರೆದೆ, ಕೀವಲ್ಲ, ಗಟ್ಟಿ ಇದೆ, ಹೊಳೆಯುತ್ತದೆ — ಸುತಳಿ, ಐದು ತಿಂಗಳ ಹಿಂದೆ ನಾನೇ ಕಟ್ಟಿದ ಪ್ಲಾಸ್ಟಿಕ್ ಸುತಳಿ, ಕೋಳಿಯ ಕಾಲಿನ ಮಾಂಸದೊಳಗೆ. ತೊಡೆಯ ಮೇಲೆ ಕಣ್ಣು ಅರ್ಧ ಮುಚ್ಚಿ ಕೂತಿದೆ ಪಾಪದ್ದು, ಮೈ ಸುಡುತ್ತಿದೆ, ಆರು ದಿನದಿಂದ ಬೆಳ್ಳುಳ್ಳಿ ಜಜ್ಜಿ ನುಂಗಿಸಿದೆ, ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದೆ, ಬಾಟಲಿ ಮುಚ್ಚಳದಲ್ಲಿ ಹನಿ ಹನಿ ನೀರು ಕುಡಿಸಿದೆ, ಗಾಳಿ ಬಡಿದಿರಬೇಕು ಅಂತ ನಾನು, ಮುಳ್ಳು ಚುಚ್ಚಿರಬೇಕು ಅಂತ ಪಕ್ಕದ ಖೋಲಿಯ ಮಂಗಲಾ, ಸುತಳಿಯ ನೆನಪು ಒಬ್ಬರಿಗೂ ಬರಲಿಲ್ಲ, ಕಾಣುತ್ತಿರಲಿಲ್ಲವಲ್ಲ, ಎಲ್ಲೋ ಕಳಚಿ ಬಿದ್ದಿದೆ ಅಂದುಕೊಂಡಿದ್ದೆ, ಕಟ್ಟಿದ್ದು ಮರಿಯ ಕಾಲಿಗೆ, ಮರಿ ಬೆಳೆಯುತ್ತದೆ ಅನ್ನುವಷ್ಟು ಬುದ್ಧಿಯೂ ನನಗಿರಲಿಲ್ಲ. ಕಾರ್ಖಾನೆಗಳ ಎಸ್ಟೇಟಿನ ಸೈರನ್ ಕೂಗಿತು, ಎಂಟು ಗಂಟೆ, ಇವತ್ತಿಗೆ ಮೂರನೆಯ ರಜೆ, ಕಂತ್ರಾಟುದಾರ ಖೇಮಪ್ಪ ಫೋನಿನಲ್ಲೇ ನಕ್ಕ, ಕೋಳಿಗೆ ಆರಾಮಿಲ್ಲಂತ ರಜಾ ಕೇಳಾಕಿ ಇಡೀ ಮಡ್ಕಯಿ ಎಸ್ಟೇಟಿನ್ಯಾಗ ನೀ ಒಬ್ಬಾಕಿನ ನೋಡ ಹುಲಿಗೆವ್ವಾ — ನಗಲಿ, ನಗುವಂಥದ್ದೇ, ಮಗಳಿಗಾಗಿ ಒಂದು ದಿನ ರಜೆ ಹಾಕದವಳು ನಾನು, ಅವಳು ಮನೆಯಲ್ಲಿದ್ದ ಕೊನೆಯ ಆ ಎರಡು ದಿನವೂ ಕಂಪನಿಗೆ ರಟ್ಟಿನ ಡಬ್ಬ ಕಟ್ಟಲಿಕ್ಕೆ ಸರಿಯಾದ ಹೊತ್ತಿಗೆ ಹೋಗಿದ್ದೆ, ಒಂದು ನಿಮಿಷ ತಡ ಮಾಡಲಿಲ್ಲ.

ಅಕ್ಕಾ, ಸಾಯೂದ್ರಾಗ ಕೊಯ್ದು ಸಾರ ಮಾಡವಾ, ದೇವಿಗೆ ಬ್ಯಾರೇದು ಕೊಟ್ರಾತು, ಅಂದಳು ಮಂಗಲಾ ನಿನ್ನೆ, ಎಷ್ಟು ಸಲೀಸಾಗಿ ಅಂದಳು, ಬೇರೆಯದು ಹೇಗೆ ನಡೆಯುತ್ತದೆ, ಹೆಸರು ಹಿಡಿದು ಕಟ್ಟಿದ್ದು ಇದಕ್ಕೇ, ನನ್ನ ಅಂಬಿಕಾ ತಿರುಗಿ ಈ ಹೊಸ್ತಿಲು ತುಳಿದ ದಿನ ಇದನ್ನು ಹುಲಿಗಿಯ ನಿನ್ನ ಗುಡಿಗೆ ಒಯ್ದು ಒಪ್ಪಿಸುತ್ತೇನೆ ತಾಯೀ, ಅಲ್ಲಿಯವರೆಗೆ ಗಂಟು ಬಿಚ್ಚುವುದಿಲ್ಲ ಅಂತ, ಬಿಚ್ಚುವುದಿದ್ದರೆ ಗುಡಿಯ ಮುಂದೆಯೇ, ನಡುವೆ ಬಿಚ್ಚಿದರೆ ಹರಕೆ ಮುರಿಯಿತು, ಹರಕೆ ಮುರಿದರೆ ಮಗಳು ಬರುವುದಿಲ್ಲ. ಬಿಚ್ಚದಿದ್ದರೆ ಕೋಳಿ ಸಾಯುತ್ತದೆ, ಸತ್ತ ಕೋಳಿಯನ್ನು ಯಾವ ದೇವಿ ತಗೊಂಡಾಳು. ಬಾಗಿಲಲ್ಲಿ ಗಂಡ ಚಹಾ ಕುಡಿಯುತ್ತಾ ನಿಂತಿದ್ದಾನೆ, ನನ್ನ ಕೈಯಲ್ಲಿ ಬ್ಲೇಡು ಕಂಡ, ಗಂಟಿಗೆ ಕೈ ಹಚ್ಚಬ್ಯಾಡ ನೋಡ, ಅದು ದೇವೀದು — ಐದು ತಿಂಗಳಿಂದ ಮಗಳ ಹೆಸರೆತ್ತಿದರೆ ತಾಟು ತಳ್ಳಿ ಎದ್ದು ಹೋಗುವ ಮನುಷ್ಯ, ನಮ್ಮ ಪಾಲಿಗೆ ಆಕಿ ಸತ್ಲು ಅಂತ ನಳದ ಹತ್ತಿರ ನಿಂತು ಹತ್ತು ಜನರಿಗೆ ಕೇಳುವ ಹಾಗೆ ಹೇಳಿದವನು, ಈಗ ಗಂಟು ಕಾಯುತ್ತಾನೆ. ಸಿಟ್ಟು ಬರುತ್ತದೆ ನನಗೆ, ಅಳುವೂ ಬರುತ್ತದೆ, ಯಾವುದು ಮೊದಲೋ ಗೊತ್ತಾಗುವುದಿಲ್ಲ.

ದೇವು ಕೆಟ್ಟ ಹುಡುಗನಲ್ಲ, ಈಗ ಹೇಳುತ್ತೇನೆ, ಈಗ ಹೇಳಿ ಏನು ಬಂತು, ಕಾಣಕೋಣದ ಬೀಚಿನಲ್ಲಿ ಮಣಿಸರ ಮಾರುವ ಕಾಳಿಬಾಯಿಯ ಮಗ, ಮಳೆಗಾಲದಲ್ಲಿ ಬೀಚಿಗೆ ಗಿರಾಕಿ ಇಲ್ಲದಾಗ ನಮ್ಮ ಕಂಪನಿಗೆ ಲೋಡಿಂಗ್ ಕೆಲಸಕ್ಕೆ ಬಂದವನು, ಅಂಬಿಕಾ ನನ್ನ ಪಕ್ಕದಲ್ಲೇ ಕೂತು ಡಬ್ಬ ಕಟ್ಟುತ್ತಿದ್ದಳು, ಇಪ್ಪತ್ತೊಂದು ವರ್ಷ, ಅವನು ಬಂದು ಡಬ್ಬ ಎತ್ತಿಕೊಂಡು ಹೋಗುತ್ತಿದ್ದ, ನನ್ನ ಕಣ್ಣೆದುರಿಗೇ. ಲಂಬಾಣ್ಯಾರ ಹುಡುಗ, ನಮ್ಮ ಕುಲ ಏನು ಅವರ ಕುಲ ಏನು ಅಂದೆ, ಕುಲವಂತೆ ಕುಲ, ಈ ಊರವರ ಬಾಯಲ್ಲಿ ನಾವೂ ಘಾಟಿ ಅವರೂ ಘಾಟಿ, ಘಟ್ಟದ ಆಚೆಯಿಂದ ಬಂದ ಕೂಲಿಯವರು, ಬಾಡಿಗೆ ಖೋಲಿ ಕೇಳಲು ಹೋದರೆ ಇಬ್ಬರಿಗೂ ಅದೇ ಬಾಗಿಲು ಮುಚ್ಚುತ್ತದೆ. ಅವತ್ತು ಅವಳು ದೇವು ಜೊತೆ ಹೋಗಲಿಕ್ಕೆ ಚೀಲ ತುಂಬಿಕೊಂಡಿದ್ದು ಕಂಡು ಗಂಡ ಅವಳ ಕೈ ಹಿಡಿದ, ಹಿಡಿದವನು ಅವನು, ಕಟ್ಟಿದವಳು ನಾನು, ಮಂಚದ ಕಾಲಿಗೆ, ಕಂಪನಿಯ ಹಳದಿ ಸುತಳಿಯಿಂದ, ಅವನಿಗೆ ಗಂಟು ಹಾಕಲು ಬರುವುದಿಲ್ಲ, ನನಗೆ ಬರುತ್ತದೆ, ದಿನಕ್ಕೆ ನಾನೂರು ಡಬ್ಬ ಕಟ್ಟುವ ಕೈ, ಎಳೆದಷ್ಟೂ ಬಿಗಿಯಾಗುವ ಗಂಟು, ಕಣ್ಣು ಮುಚ್ಚಿಕೊಂಡು ಹಾಕುತ್ತೇನೆ. ಅವ್ವಾ, ಬಿಚ್ಚಬ್ಯಾಡ, ಸಡ್ಲರ ಮಾಡ, ಕೈ ಜುಮ್ ಅನ್ನಾಕತ್ತೈತಿ — ಬಿಡು ಅಂತ ಕೂಡ ಕೇಳಲಿಲ್ಲ ಹುಡುಗಿ, ಸಡಿಲ ಮಾಡು ಅಂದಳು, ನಾನು ಅನ್ನ ಕಲಸಿ ಬಾಯಿಗೆ ತುತ್ತು ಕೊಟ್ಟೆ, ತಲೆ ಬಾಚಿದೆ, ಗಂಟು ಮುಟ್ಟಲಿಲ್ಲ, ಎರಡು ದಿನ, ಇದು ನಿನ್ನ ಚಲೋದಕ್ಕ ಅಂದೆ. ಮೂರನೆಯ ಬೆಳಿಗ್ಗೆ ನಳದಿಂದ ಎರಡು ಕೊಡ ತುಂಬಿಕೊಂಡು ಬರುವಷ್ಟರಲ್ಲಿ ಮಂಚ ಖಾಲಿ, ಹಲ್ಲಿನಲ್ಲಿ ಕಚ್ಚಿ ಕಚ್ಚಿ ಹರಿದ ಸುತಳಿ ಮಂಚದ ಕಾಲಿಗೆ ನೇತಾಡುತ್ತಿತ್ತು. ಅದೇ ಸುತಳಿಯ ಬೆರಳುದ್ದದ ತುಂಡು ಈ ಕೋಳಿಯ ಕಾಲಿಗೆ ಬಂದದ್ದು, ಮಗಳು ಮುಟ್ಟಿದ್ದಾದರೆ ದೇವಿಗೆ ಗುರುತು ಸಿಗುತ್ತದೆ ಅಂದುಕೊಂಡೆ, ಹತ್ತಿಯ ದಾರ ಇರಲಿಲ್ಲವೇ ಮನೆಯಲ್ಲಿ, ಇತ್ತು, ಒಂದು ಉಂಡೆ ಇತ್ತು.

ಮಂಗಲಾ ಹೋದ ವಾರ ಕಾಣಕೋಣಕ್ಕೆ ಹೋಗಿದ್ದಳು, ಬೀಚಿನಲ್ಲಿ ಚಾಪೆ ಹಾಸಿಕೊಂಡು ಮಣಿಸರ ಮಾರಾಕತ್ತಾಳ ಅಕ್ಕಾ ನಿನ್ನ ಮಗಳು, ಚಲೋ ಅದಾಳ, ಆದ್ರ ಒಂದ ಕೈಗೆ ಅಷ್ಟ ಮೊಣಕೈತನಾ ಬಳಿ ಹಾಕ್ಯಾಳ, ಇನ್ನೊಂದು ಕೈ ಬೋಳು, ಇದೇನ ಹೊಸಾ ಫ್ಯಾಷನ್ನೋ ಏನೋ — ಯಾವ ಕೈ ಅಂತ ನಾನು ಕೇಳಲಿಲ್ಲ. ನನಗೆ ಗೊತ್ತು, ಕಟ್ಟಿದ ಕೈ. ಕೋಳಿ ಒಂದು ಸಲ ಕೊಕ್ಕು ತೆರೆದು ಮುಚ್ಚಿತು, ಸದ್ದಿಲ್ಲ, ಇದಕ್ಕೆ ಸಡಿಲ ಮಾಡು ಅನ್ನಲೂ ಬರುವುದಿಲ್ಲ. ಗಂಡ ಚಹಾದ ಲೋಟ ಕೆಳಗಿಟ್ಟ, ಆಕಿ ಬರೂದಿಲ್ಲ ಮತ್ತ, ಅಂದ, ಮೊದಲ ಸಲ ಅವನ ಬಾಯಲ್ಲಿ ಆಕಿ ಬರುವ ಮಾತು. ಬರೂದಿಲ್ಲಾಂದ್ರ ಬ್ಯಾಡ, ಅಂದೆ, ಬ್ಲೇಡಿನ ತುದಿ ಒಳಗೆ ಹಾಕಿದೆ, ರಕ್ತ ಬಂತು, ಕಪ್ಪು ರಕ್ತ, ಕೋಳಿ ಒದರಲಿಲ್ಲ, ಎಳೆದೆ, ಬಿಟ್ಟು ಬಂತು, ಬೆರಳುದ್ದದ ತುಂಡು, ಹಲ್ಲಿನ ಗುರುತು ಇನ್ನೂ ಹಾಗೇ, ಅರಿಶಿನ ಒತ್ತಿದೆ, ನೆಲಕ್ಕೆ ಬಿಟ್ಟೆ. ನಿಂತಿತು. ಒಂದು ಹೆಜ್ಜೆ ಇಟ್ಟಿತು, ನಿಂತಿತು, ಬದುಕುತ್ತದೋ ಏನೋ, ನುಚ್ಚಿನ ಕಡೆ ನೋಡುತ್ತಿದೆ, ಆದರೆ ಆ ಕಾಲು ಊರುವುದಿಲ್ಲ, ಇನ್ನೂ ಕಟ್ಟಿದ ಹಾಗೇ ಎತ್ತಿ ಹಿಡಿದಿದೆ, ಅದರ ಸುತ್ತ ಗೀರು, ಆಳಕ್ಕೆ, ಬಳೆ ತೊಟ್ಟಷ್ಟು ದುಂಡಗೆ, ಬೆರಳಿಂದ ಸವರಿದೆ, ಅರಿಶಿನ ತುಂಬಿದೆ, ತುಂಬಲಿಲ್ಲ, ಸಡ್ಲರ ಮಾಡ ಅವ್ವಾ, ಮಾಡಿದೆನಲ್ಲ ಮಗಳೇ, ಬಿಚ್ಚಿಯೇ ಬಿಟ್ಟೆನಲ್ಲ — ಗೀರು ಹಾಗೇ ಇದೆ, ಸುತ್ತಲೂ, ದುಂಡಗೆ, ಅವಳ ಬಳೆಗಳ ಕೆಳಗಿನ ಆ ಗೀರಿನ ಹಾಗೇ.