ಮಹಡಿ ಕೋಣೆಯ ಕಪ್ಪೆಗಳು

“ಮೊದ್ಲು ಆ ಗ್ಲೌಸು ತೆಗೀರಿ. ಪಾತ್ರೆ ತಿಕ್ಕಿದ ಸೋಪು ಅಂಟಿರುತ್ತೆ, ಇವುಗಳ ಮೈಗೆ ಆಗಲ್ಲ,” ಎಂದರು ಮೃಗಾಲಯದಿಂದ ಬಂದಿದ್ದ ಹೆಂಗಸು.

ಅಕ್ಕ ತೆಗೆಯಲಿಲ್ಲ. ಮೊಣಕೈವರೆಗೆ ಹಳದಿ ರಬ್ಬರ್ ಗ್ಲೌಸು, ಮೂಗಿಗೆ ಬಿಗಿಯಾಗಿ ಕಟ್ಟಿದ ಬಟ್ಟೆ. ತಮ್ಮ ಸತ್ತ ಮೂರು ವಾರದಿಂದ ದಿನಾ ಬೆಳಿಗ್ಗೆ ಅವಳು ಇದೇ ವೇಷದಲ್ಲಿ ಮಹಡಿ ಕೋಣೆಗೆ ಬರುತ್ತಿದ್ದಳು. ಉಸಿರು ಬಿಗಿಹಿಡಿದು, ಮೂರು ಗಾಜಿನ ಪೆಟ್ಟಿಗೆಗಳಿಗೂ ಡಬ್ಬಿಯಲ್ಲಿದ್ದ ಸಣ್ಣ ನೊಣಗಳನ್ನು ಉದುರಿಸಿ, ನೀರು ಚಿಮುಕಿಸಿ ಓಡಿಬಿಡುತ್ತಿದ್ದಳು. ಹಾಗೆ ಮಾಡಬೇಕೆಂದು ಹೇಳಿಕೊಟ್ಟವಳು ಏಳು ವರ್ಷದ ಮಗಳು. ನಿನಗೆ ಹೇಗೆ ಗೊತ್ತು ಎಂದು ಕೇಳುವಷ್ಟು ಜೀವ ಆ ದಿನಗಳಲ್ಲಿ ಅಕ್ಕನಿಗೆ ಇರಲಿಲ್ಲ.

“ವಿಷದ ಕಪ್ಪೆ ಅಲ್ವಾ ಮೇಡಂ?”

ಮೇಡಂ ನೆಲಕ್ಕೆ ಮೊಣಕಾಲೂರಿ ಮೊದಲ ಪೆಟ್ಟಿಗೆಗೆ ಟಾರ್ಚು ಹಾಕಿದರು. ಹದಿನೆಂಟು ವರ್ಷ ಹಾವು ಕಪ್ಪೆಗಳ ನಡುವೆಯೇ ಕೆಲಸ ಮಾಡಿದವರು. ತಮ್ಮ ದುಡಿಯುತ್ತಿದ್ದ ಅಂಗಡಿಯ ಮಾಲೀಕ ಯಾರ್ಯಾರನ್ನೋ ಕೇಳಿ, ಇವು ಯಾವ ಜಾತಿಯವೆಂದು ನೋಡಿ ಒಯ್ಯಲು ಅವರನ್ನು ಒಪ್ಪಿಸಿದ್ದ. ಪಾಚಿಯ ಮೇಲೆ ಹೆಬ್ಬೆರಳ ತುದಿಯಷ್ಟು ದೊಡ್ಡ ಕಪ್ಪೆಯೊಂದು ಕೂತಿತ್ತು. ಕಡುನೀಲಿ, ಬೆನ್ನ ತುಂಬ ಶಾಯಿ ಚೆಲ್ಲಿದಂಥ ಕಪ್ಪು ಮಚ್ಚೆ.

“ಈ ಮಚ್ಚೆ ಇದೆಯಲ್ಲ, ನಮ್ಮ ಬೆರಳಚ್ಚಿನ ಹಾಗೆ. ಒಂದರದ್ದು ಇನ್ನೊಂದಕ್ಕಿಲ್ಲ. ಮುಂಗಾಲಿನ ಬೆರಳ ತುದಿ ನೋಡಿ, ಅಗಲಕ್ಕಿದೆ. ಗಂಡು ಇದು.” ಅವರು ಎರಡನೆಯ ಪೆಟ್ಟಿಗೆಗೆ ಸರಿದರು. “ಇವು ಹಳದಿ ಪಟ್ಟೆಯವು. ಕೂಗಿದ್ರೆ ಹಕ್ಕಿ ಅನ್ಕೋಬೇಕು, ಹಾಗಿರುತ್ತೆ. ಆ ಮೂಲೇಲಿರೋದು ಹಸಿರು–ಕಪ್ಪಿನದು, ಮಹಾ ಸಂಕೋಚದ್ದು. ಎಷ್ಟು ಚೆನ್ನಾಗಿ ಸಾಕಿದಾರೆ ನಿಮ್ಮ ತಮ್ಮ! ನಮ್ಮಲ್ಲೂ ಇಷ್ಟು ಗಟ್ಟಿಮುಟ್ಟಾಗಿಲ್ಲ.”

“ಹತ್ತು ಜನ ಸಾಯ್ತಾರಂತೆ, ಒಂದು ಕಪ್ಪೆ ವಿಷಕ್ಕೆ,” ಎಂದಳು ಅಕ್ಕ.

“ಅದು ಬೇರೆ ಜಾತಿ, ಚಿನ್ನದ ಬಣ್ಣದ್ದು. ಅದೂ ಕಾಡಲ್ಲಿ ಇದ್ರೆ. ಅಲ್ಲಿನ ಇರುವೆ, ಹುಳ ತಿಂದೇ ಇವಕ್ಕೆ ವಿಷ ಸೇರೋದು. ಇವು ಗಾಜಿನೊಳಗೆ ಹುಟ್ಟಿ, ಈ ಬಡಪಾಯಿ ನೊಣ ತಿಂದು ಬೆಳೆದವು. ಇವುಗಳಲ್ಲಿ ಏನೂ ಇಲ್ಲಮ್ಮ. ಮುಟ್ಟಬಾರದು ಅನ್ನೋದೇನೋ ನಿಜ. ಆದ್ರೆ ಅದು ನಮಗೋಸ್ಕರ ಅಲ್ಲ. ನಮ್ಮ ಕೈಯ ಬೆವರು, ಉಪ್ಪು, ಅದನ್ನ ಇವು ತಡ್ಕೊಳ್ಳಲ್ಲ.” ತಿರುಗಿ ನೋಡಿ ಕೇಳಿದರು, “ಯಾಕೆ, ಅವರು ಹೇಳಿರಲಿಲ್ವಾ?”

“ಹೇಳಿದ್ದ,” ಎಂದಳು ಅಕ್ಕ.

ತಮ್ಮ ಫ್ರಿಜ್ಜು, ಏಸಿ ರಿಪೇರಿ ಮಾಡುತ್ತಿದ್ದ. ಬೀದಿಯವರೆಲ್ಲ ಅವನನ್ನು ಕಪ್ಪೆರಾಯ ಎಂದೇ ಕರೆಯುತ್ತಿದ್ದರು. ಅವನೂ ಅದಕ್ಕೆ ಓಗೊಡುತ್ತಿದ್ದ. ಅಕ್ಕ ಕೆಳಗಿನ ಮನೆಯಲ್ಲಿ ಪರದೆ, ದಿಂಬಿನ ಚೀಲ ಹೊಲಿಯುತ್ತಿದ್ದಳು. ಮಗಳು ಅಂಬೆಗಾಲಿಡುವ ಹೊತ್ತಿಗೆ ತಮ್ಮ ಮೊದಲ ಪೆಟ್ಟಿಗೆ ತಂದ. ಅದೇ ಸಂಜೆ ಗಂಡ ಫೋನಿನಲ್ಲಿ ಏನನ್ನೋ ಓದಿ ಹೇಳಿದ. ಅಕ್ಕ ಅಲ್ಲಿಂದಲೇ ಮಹಡಿಗೆ ಕೇಳುವಂತೆ ಕೂಗಿದ್ದಳು: “ಆ ದರಿದ್ರ ಪ್ರಾಣಿಗಳು ಇರೋವರೆಗೆ ನನ್ನ ಮಗೂನ ಮುಟ್ಟಬೇಡ!”

ತಮ್ಮ ಇಳಿದು ಬಂದು ನಗುತ್ತಲೇ ಅಂದಿದ್ದ. “ವಿಷ ಇಲ್ಲ ಕಣೇ ಇವಕ್ಕೆ. ನಿನ್ನ ನಾಲಿಗೇಲಿರೋದರಲ್ಲಿ ಕಾಲುಭಾಗಾನೂ ಇಲ್ಲ.” ಅಕ್ಕ ನಗಲಿಲ್ಲ. ಅವನು ಆಮೇಲೆ ಆ ಮಾತೆತ್ತಲೂ ಇಲ್ಲ. ಕೆಳಗೆ ಬರುವ ಮುಂಚೆ ಅಂಗಳದ ನಲ್ಲಿಯಲ್ಲಿ ಮೊಣಕೈವರೆಗೆ ಕೈ ತೊಳೆದು, ಅಂಗಿ ಬದಲಿಸಿ, ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ಕಾಫಿ ಕುಡಿದು ಹೋಗುತ್ತಿದ್ದ. ಮಗು ಎತ್ತಿಕೋ ಎಂದು ಕೈ ಚಾಚಿದರೆ, ತನ್ನೆರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಮುಖ ಸೊಟ್ಟ ಮಾಡಿ ನಗಿಸುತ್ತಿದ್ದ. ಆರು ವರ್ಷ ಹೀಗೇ ಕಳೆಯಿತು.

ಯಾವುದೋ ಕಟ್ಟಡದ ಮೂರನೆಯ ಮಹಡಿಯ ಹೊರಗೋಡೆಗೆ ಏಸಿ ಕೂರಿಸುವಾಗ ತಮ್ಮ ಬಿದ್ದ. ಆಸ್ಪತ್ರೆಯಲ್ಲಿ ಒಂದೂವರೆ ದಿನ ಇದ್ದ. ಮಗಳನ್ನು ಕರೆದುಕೊಂಡು ಹೋದಾಗ ಎಚ್ಚರವಿತ್ತು. ಅವಳು ಅವನ ಕೈ ಹಿಡಿಯಲು ಹೋದಳು. ಅವನು ಆ ಕೈಯನ್ನು ಹೊದಿಕೆಯೊಳಕ್ಕೆ ಎಳೆದುಕೊಂಡ. ಎಳೆಯುವಾಗ ನೋವಿಗೆ ಕಣ್ಣು ಮುಚ್ಚಿ ತೆರೆದ. “ಕೈ ತೊಳ್ದಿಲ್ಲ ಪುಟ್ಟಿ,” ಎಂದ. ಅಕ್ಕ ಅಲ್ಲೇ ಇದ್ದಳು. ಪರವಾಗಿಲ್ಲ, ಹಿಡ್ಕೋ ಎನ್ನುವ ಮಾತು ಗಂಟಲಿಗೆ ಬಂತು. ಅಷ್ಟರಲ್ಲಿ ನರ್ಸು ಬಂದು ಎಲ್ಲರನ್ನೂ ಹೊರಗೆ ಕಳಿಸಿದಳು.

ಅಕ್ಕ ಗ್ಲೌಸು ಬಿಚ್ಚಿದಳು. ಒಂದು ಸುಲಭವಾಗಿ ಬಂತು. ಇನ್ನೊಂದು ಬೆವರಿಗೆ ಅಂಟಿಕೊಂಡಿತ್ತು. ಎಳೆದಳು, ಹಲ್ಲಿನಿಂದ ಕಚ್ಚಿ ಎಳೆದಳು, ಆಮೇಲೆ ಅದರ ಮೇಲೆಯೇ ಮುಖವಿಟ್ಟು ಗೋಡೆಗೆ ಒರಗಿ ಕುಸಿದಳು. ಮೇಡಂಗೆ ಏನೂ ಅರ್ಥವಾಗಲಿಲ್ಲ. ಹತ್ತಿರ ಕೂತು ಬೆನ್ನು ಸವರುತ್ತಾ, “ಅಳಿ, ಅತ್ತುಬಿಡಿ,” ಎಂದರು. ಆಮೇಲೆ ಎದ್ದು ಕೆಲಸಕ್ಕೆ ತೊಡಗಿದರು. ಎರಡು ಪೆಟ್ಟಿಗೆಯ ಕಪ್ಪೆಗಳನ್ನು ಒದ್ದೆ ಪಾಚಿ ಹಾಸಿದ ಡಬ್ಬಿಗಳಿಗೆ ಒಂದೊಂದಾಗಿ ಇಳಿಸಿದರು. ನೀಲಿ ಕಪ್ಪೆಗಳ ಪೆಟ್ಟಿಗೆಯ ಮುಂದೆ ನಿಂತುಬಿಟ್ಟರು.

“ಇಲ್ಲಿ ಬನ್ನಿ. ಗಂಡಿನ ಬೆನ್ನ ಮೇಲೆ ನೋಡಿ.”

ಅಕ್ಕ ಮುಖ ಒರೆಸಿಕೊಂಡು ಬಗ್ಗಿದಳು. ಮಚ್ಚೆಗಳ ನಡುವೆ ಇನ್ನೊಂದು ಕಪ್ಪು ಚುಕ್ಕೆ. ಅದಕ್ಕೆ ಬಾಲವಿತ್ತು.

“ಮರಿ, ಗೊದಮೊಟ್ಟೆ. ಈಗಷ್ಟೇ ಮೊಟ್ಟೆಯಿಂದ ಎತ್ಕೊಂಡಿರಬೇಕು. ಈ ಜಾತೀಲಿ ಅಪ್ಪಾನೇ ಬೆನ್ನ ಮೇಲೆ ಹೊತ್ಕೊಂಡು ನೀರು ಹುಡುಕೋದು. ಸಿಕ್ಕೋವರೆಗೂ ಇಳಿಸಲ್ಲ. ಈಗ ಇದನ್ನ ಕದಲಿಸೋದು ಬೇಡ. ಒಂದು ಮುಚ್ಚಳದಲ್ಲಿ ಶುದ್ಧ ನೀರಿಡಿ ಸಾಕು. ತಿಂಗಳು ಬಿಟ್ಟು ಬರ್ತೀನಿ. ಇಟ್ಕೋತೀರಾ ಅಲ್ಲಿವರೆಗೆ?”

ಅಕ್ಕ ತಲೆಯಾಡಿಸಿದಳು.

ಮೇಡಂ ಹೋದ ಮೇಲೆ ಮಗಳು ಶಾಲೆಯಿಂದ ಬಂದಳು. ಚೀಲ ಬೆನ್ನಲ್ಲಿದ್ದಂತೆಯೇ ಮೆಟ್ಟಿಲು ಹತ್ತಿ, ಕೋಣೆಯ ಹೊಸ್ತಿಲ ಆಚೆ ನಿಂತಳು.

“ಒಳಗೆ ಬಾ.”

“ಬೇಡ. ಮಾಮ ಬೈತಾನೆ.”

“ನೀನು ಯಾವತ್ತೂ ಒಳಗೆ ಬಂದಿಲ್ವಾ? ನಾನು ಮನೇಲಿ ಇಲ್ಲದಾಗ?”

“ಇಲ್ಲ. ನಾನು ಇಲ್ಲೇ ಕೂತ್ಕೋತಿದ್ದೆ. ಮಾಮ ಪೆಟ್ಟಿಗೇನ ಬಾಗಿಲ ಹತ್ರ ತಂದು ತೋರಿಸ್ತಿದ್ದ. ಒಳಗೆ ಕರ್ಕೋ ಅಂತ ಎಷ್ಟು ಕೇಳಿದ್ರೂ ಕರೀತಿರಲಿಲ್ಲ. ನಿಮ್ಮಮ್ಮಂಗೆ ಹೆದ್ರಿಕೆ ಆಗುತ್ತೆ ಕಣೇ, ಪಾಪ, ಅಂತಿದ್ದ.”

ಅಕ್ಕ ಎದ್ದು ಹೋಗಿ ಮಗಳ ಬೆನ್ನಿನ ಚೀಲ ಇಳಿಸಿ, ಅವಳನ್ನು ಎತ್ತಿಕೊಂಡು ಹೊಸ್ತಿಲು ದಾಟಿದಳು. ಎತ್ತಿಕೊಳ್ಳುವ ವಯಸ್ಸು ಅವಳಿಗೆ ಎಂದೋ ಮೀರಿತ್ತು. ಕಾಲುಗಳು ಅಮ್ಮನ ಮೊಣಕಾಲಿಗೆ ತಾಗುತ್ತಿದ್ದವು. ಇಬ್ಬರೂ ಗಾಜಿನ ಮುಂದೆ ನೆಲದಲ್ಲಿ ಕೂತರು. ಮುಚ್ಚಳದ ನೀರು ಪಾಚಿಯ ಅಂಚಿನಲ್ಲಿ ಮಿನುಗುತ್ತಿತ್ತು.

ನೀಲಿ ಕಪ್ಪೆ ಎರಡು ಹೆಜ್ಜೆ ನಡೆಯಿತು, ನಿಂತಿತು, ಮತ್ತೆ ನಡೆಯಿತು. ಮುಚ್ಚಳದ ಅಂಚು ಹತ್ತಿ, ಹಿಂದಕ್ಕೆ ತಿರುಗಿ, ಬೆನ್ನು ನೀರಿಗೆ ತಾಗುವಷ್ಟು ಮೈ ತಗ್ಗಿಸಿ ಕೂತಿತು. ಮರಿಯ ಬಾಲ ನೀರಿನಲ್ಲಿ ಒಮ್ಮೆ ಅಲುಗಿತು. ಕಪ್ಪೆ ಕದಲದೆ ಕಾಯುತ್ತಿತ್ತು. ಮರಿ ಇನ್ನೂ ಬೆನ್ನು ಬಿಟ್ಟಿರಲಿಲ್ಲ.