ಸ್ಕಂಕಿನ ನಾತ ತಿಳಿಯದ ಲೆಸ್ಯಾ

ಮನೆಯ ನಾಯಿ ಹೊಲದಲ್ಲಿ ಸ್ಕಂಕ್ ಎಂಬ ನಾರುವ ಕಾಡುಪ್ರಾಣಿಯ ಜೊತೆ ಸೆಣಸಿ ಅದರ ನಾತವನ್ನೆಲ್ಲ ಮೈಗೆ ಎರಚಿಸಿಕೊಂಡು ಬಂದಿತ್ತು. ಆ ದುರ್ನಾತ ಅಂಗಳ ದಾಟಿ ರಸ್ತೆಯವರೆಗೂ ಹಬ್ಬಿತ್ತು. ಲೆಸ್ಯಾ ಮಾತ್ರ ನಾಯಿಯನ್ನು ಸೋಫಾದ ಮೇಲೆ ಮಗ್ಗುಲಲ್ಲೇ ಮಲಗಿಸಿಕೊಂಡು ಅದರ ಕಿವಿ ತುರಿಸುತ್ತಾ ಕುಳಿತಿದ್ದಳು. ಬಾಗಿಲು ತೆರೆದ ತಂಗಿ ನಾದ್ಯಾ ಹೊಸ್ತಿಲಲ್ಲೇ ಮೂಗು ಮುಚ್ಚಿಕೊಂಡಳು.

"ಅಕ್ಕಾ, ಏನೇ ಇದು? ಕಣ್ಣಲ್ಲಿ ನೀರು ಬರ್ತಿದೆ. ನಿಂಗೇನೂ ಅನ್ನಿಸ್ತಿಲ್ವಾ?"

"ಏನನ್ನಿಸ್ಬೇಕು?"

ನಾದ್ಯಾ ನಕ್ಕಳು. ಅಕ್ಕನ ಮುಖ ನೋಡಿ ನಗು ನಿಂತಿತು. ಅದು ತಮಾಷೆಯಾಗಿರಲಿಲ್ಲ.

ಲೆಸ್ಯಾ ಸಾಮಾನ್ಯ ಹೆಂಗಸಲ್ಲ. ಯಾರ್ಕ್‌ಟನ್ ಊರಿನ ಸುತ್ತಮುತ್ತ ಕರ್ಲಿಂಗ್ ಆಡುವವರೆಲ್ಲ ಅವಳ ಗಂಟಲಿಗೆ ಹೆದರುತ್ತಿದ್ದರು. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಬಿಟ್ಟು, ಅದರ ಮುಂದೆ ಪೊರಕೆ ಉಜ್ಜುವ ತನ್ನ ತಂಡದವರಿಗೆ "ಉಜ್ರೇ, ಕೈ ಬಿದ್ದೋಗಿದ್ಯಾ?" ಎಂದು ಅವಳು ಕೂಗಿದರೆ ಪಕ್ಕದ ಅಂಕಣದವರೂ ಉಜ್ಜತೊಡಗುತ್ತಿದ್ದರು. ಆದರೆ ವರ್ಷದಿಂದೀಚೆಗೆ ಆ ಗಂಟಲು ತಣ್ಣಗಾಗಿತ್ತು. ಆಟಕ್ಕೆ ಕರೆದರೆ "ನೀವೇ ಹೋಗಿ" ಎನ್ನುವಳು. ಗಂಡ ಮಿರೋನ್ ಕೆಸರು ಬೂಟಿನಲ್ಲೇ ಅಡುಗೆಮನೆಗೆ ಬಂದರೂ ತುಟಿಪಿಟಿಕ್ಕೆನ್ನಳು. ವಯಸ್ಸಾಯಿತಲ್ಲ, ಅಂತೂ ಮೆತ್ತಗಾದಳು ಎಂದು ಅವನು ಒಳಗೊಳಗೇ ಹಿಗ್ಗಿದ್ದ.

"ವಾಸನೆ ಹೋಗಿ ಎಷ್ಟೋ ದಿನ ಆಯ್ತು. ಯಾವುದೋ ನೆಗಡಿ ಇರ್ಬೇಕು," ಎಂದಳು ಲೆಸ್ಯಾ. "ಅದಕ್ಕೆಲ್ಲ ಡಾಕ್ಟರ್ ಯಾಕೆ?"

"ಮೂಗು ಬರೀ ಅಂದಕ್ಕೆ ಇಟ್ಟಿದ್ದಲ್ಲ. ಏಳು, ಕೋಟು ಹಾಕ್ಕೋ."

ಡಾಕ್ಟರ್ ಫ್ರಿಸೆನ್ ಅವಳ ಕಣ್ಣು ಮುಚ್ಚಿಸಿ, ಒಂದೊಂದೇ ಹೊಳ್ಳೆಗೆ ಕಾಫಿಪುಡಿ ಹಿಡಿದರು, ಸೋಪು ಹಿಡಿದರು. ಅವಳಿಗೆ ಯಾವುದೂ ತಿಳಿಯಲಿಲ್ಲ. ಬೆಳಕು ಬಿಟ್ಟು ನೋಡಿದರೆ ಮೂಗು ಕಟ್ಟಿಯೂ ಇರಲಿಲ್ಲ. ಆಮೇಲೆ ಅವರು ಕಣ್ಣಿನೊಳಗೆ ಬಹಳ ಹೊತ್ತು ಇಣುಕಿದರು.

"ನೆಗಡಿಯಿಂದ ವಾಸನೆ ಹೋಗೋದುಂಟು, ಲೆಸ್ಯಾ ಅವ್ರೇ. ಬಹಳ ಸಲ ಗಾಬರಿ ಪಡೋ ಅಂಥದ್ದೇನೂ ಇರಲ್ಲ. ಆದ್ರೆ ನಿಮ್ಮ ಕಣ್ಣಿನ ನರ ನಂಗ್ಯಾಕೋ ಸರಿ ಕಾಣ್ತಿಲ್ಲ."

"ಇವಳು ಈಗ ಜಗಳಾನೂ ಆಡಲ್ಲ ಡಾಕ್ಟ್ರೇ," ಎಂದಳು ನಾದ್ಯಾ.

ಫ್ರಿಸೆನ್ ತಲೆಯೆತ್ತಿ ಅವಳನ್ನೇ ನೋಡಿದರು. "ಮೊದಲು ಆಡ್ತಿದ್ರಾ?"

"ಊರಿಗೇ ಕೇಳಿ."

ಡಾಕ್ಟರ್ ತಕ್ಷಣ ಸ್ಕ್ಯಾನಿಗೆ ಕಳಿಸಿದರು. ಹಣೆಯ ಹಿಂದೆ, ವಾಸನೆಯ ನರಗಳು ಮಿದುಳನ್ನು ಸೇರುವ ಜಾಗದಲ್ಲಿ, ನಿಂಬೆಹಣ್ಣಿನಷ್ಟು ಗೆಡ್ಡೆಯಿತ್ತು. ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದ ಅದು ಮೊದಲು ವಾಸನೆಯನ್ನು ನುಂಗಿ, ಆಮೇಲೆ ಅವಳ ಹುರುಪನ್ನು ನುಂಗಿ, ಈಗ ಕಣ್ಣಿನ ನರವನ್ನು ಒತ್ತುತ್ತಿತ್ತು. ಇನ್ನೂ ತಡವಾಗಿದ್ದರೆ ದೃಷ್ಟಿಯೇ ಹೋಗುತ್ತಿತ್ತು ಎಂದರು ಸಾಸ್ಕಟೂನಿನ ದೊಡ್ಡಾಸ್ಪತ್ರೆಯ ಶಸ್ತ್ರವೈದ್ಯೆ. ಹೆಂಡತಿ ಮೆತ್ತಗಾದಳೆಂದು ಹಿಗ್ಗಿದ್ದು ನೆನಪಾಗಿ ಮಿರೋನ್ ತಲೆ ತಗ್ಗಿಸಿದ.

ಶಸ್ತ್ರಚಿಕಿತ್ಸೆ ಬೆಳಗಿನಿಂದ ಸಂಜೆಯವರೆಗೂ ನಡೆಯಿತು. ಮರುದಿನ ತಲೆಯ ಪಟ್ಟಿಯ ಕೆಳಗೆ ಲೆಸ್ಯಾಳ ಕಣ್ಣು ತೆರೆದಾಗ ಮಿರೋನ್ ಕುರ್ಚಿಯಲ್ಲಿ ಮುದುಡಿ ಕೂತಿದ್ದ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಏನೋ ಅದು, ಅಂಗಿ ತುಂಬಾ ಸೂಪು ಚೆಲ್ಕೊಂಡು ಕೂತಿದೀಯ? ನರ್ಸ್‌ಗಳು ಏನಂದ್ಕೋಬೇಕು?"

ಮಿರೋನ್ ಅಳತೊಡಗಿದ. "ಇನ್ನೊಂದ್ಸಲ ಬೈಯೇ," ಎಂದ.

"ಬೈತೀನಿ ಇರು, ಗಂಟಲು ಒಣಗಿದೆ."

ಗೆಡ್ಡೆ ಪೂರ್ತಿ ಹೊರಬಂದಿತ್ತು, ಕ್ಯಾನ್ಸರ್ ಆಗಿರಲಿಲ್ಲ. ಕಣ್ಣು ಉಳಿದಿತ್ತು. ವಾಸನೆ ಮಾತ್ರ ಮರಳಲಾರದು ಎಂದರು ವೈದ್ಯೆ. "ಹೋದ್ರೆ ಹೋಗ್ಲಿ," ಎಂದಳು ಲೆಸ್ಯಾ, "ಇವನ ಸಾಕ್ಸಿನ ಕಾಟ ತಪ್ಪಿತು." ಗ್ಯಾಸ್ ಸೋರಿದರೆ ಅವಳಿಗೆ ತಿಳಿಯದಲ್ಲ, ಅದಕ್ಕೆ ಮಿರೋನ್ ಮನೆಯಲ್ಲಿ ಎಚ್ಚರಿಸುವ ಸೈರನ್ ಕೂರಿಸಿದ. ಹಾಲು ಕೆಟ್ಟಿದೆಯೋ ಎಂದು ಮೂಸಿ ನೋಡುವುದು ಅವನ ಕೆಲಸವಾಯಿತು.

ಮುಂದಿನ ಚಳಿಗಾಲದ ಪಂದ್ಯದಲ್ಲಿ ಕೊನೆಯ ಕಲ್ಲು ಲೆಸ್ಯಾಳದ್ದಾಗಿತ್ತು. ಎದುರಾಳಿಯ ಕಲ್ಲು ಗೆಲುವಿನ ಜಾಗವಾದ ನಡುವೃತ್ತದಲ್ಲಿ ಗಟ್ಟಿಯಾಗಿ ಕೂತಿತ್ತು. ಲೆಸ್ಯಾ ಕಣ್ಣು ಕಿರಿದು ಮಾಡಿ ಗುರಿ ಹಿಡಿದು ಕಲ್ಲು ಬಿಟ್ಟಳು. ಬಿಟ್ಟ ಮರುಕ್ಷಣವೇ ಅವಳ ಕೂಗು ತಗಡಿನ ಮಾಡಿಗೆ ಬಡಿಯಿತು. ತಂಡದ ಹುಡುಗಿಯರು ಬಗ್ಗಿ ಉಜ್ಜಿದರು. ಕಲ್ಲು ಎದುರಾಳಿಯದನ್ನು ಹೊರಗಟ್ಟಿ, ಅದರ ಜಾಗದಲ್ಲೇ ನಿಂತಿತು.

ಸೋತ ತಂಡದ ನಾಯಕಿ ಕೈಕುಲುಕಲು ಬಂದಳು. "ಡಾಕ್ಟ್ರು ನಿನ್ನ ಗಂಟಲಿಗೂ ಒಂದು ಕತ್ತರಿ ಹಾಕ್ಬೇಕಿತ್ತು ಕಣೇ."

"ಅವ್ರಿಗೆ ಅಷ್ಟು ಧೈರ್ಯ ಎಲ್ಲಿತ್ತು?" ಎನ್ನುತ್ತಾ ಲೆಸ್ಯಾ, ಚಪ್ಪಾಳೆ ತಟ್ಟುತ್ತಿದ್ದ ಮಿರೋನ್ ಮತ್ತು ನಾದ್ಯಾರನ್ನು ಫೋಟೋಕ್ಕೆಂದು ಮಂಜುಗಡ್ಡೆಯ ಮೇಲೆ ಎಳೆದುಕೊಂಡಳು.